ಒಂದು ಅಗುಳು ಸಾಕೇ? ಚಿಟಿಕೆ ಅರಿಶಿನದಲ್ಲಿ ಸೀಸ ಹುಡುಕುವ ಯಂತ್ರ

ಈರೋಡಿನ ಮಂಡಿಯಲ್ಲಿ ಅರಿಶಿನ ಮಾರಿದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ವ್ಯಾಪಾರಿ ಬಂದವನೇ ಚೀಲದೊಳಕ್ಕೆ ಕೈ ಹಾಕಿ ನಾಲ್ಕು ಕೊಂಬು ತೆಗೆಯುತ್ತಾನೆ. ಒಂದನ್ನು ಲಟಕ್ಕನೆ ಮುರಿದು ಸದ್ದು ಕೇಳುತ್ತಾನೆ. ಒಳಗಿನ ಬಣ್ಣ ನೋಡುತ್ತಾನೆ, ಹೊರಗಿನ ಹೊಳಪು ನೋಡುತ್ತಾನೆ. ಅಷ್ಟರಲ್ಲಿ ನಮ್ಮ ಒಂಬತ್ತು-ಹತ್ತು ತಿಂಗಳ ದುಡಿಮೆಯ ಬೆಲೆ ತೀರ್ಮಾನವಾಗಿಬಿಟ್ಟಿರುತ್ತದೆ. ನಮ್ಮ ತಾಳವಾಡಿ ಸೀಮೆಯವರಿಗೆ ಈರೋಡು, ಜತ್ತದ ಕಡೆಯವರಿಗೆ ಸಾಂಗ್ಲಿ. ಊರು ಬೇರೆ, ಭಾಷೆ ಬೇರೆ. ಆದರೆ ಬಣ್ಣಕ್ಕೇ ಬೆಲೆ ಎಂಬ ಮಾತು ಎರಡು ಕಡೆಯೂ ಒಂದೇ.

ಒಂದು ವರ್ಷ ಬೇಯಿಸಿದ ಅರಿಶಿನವನ್ನು ಕಣದಲ್ಲಿ ಹರಡಿದ್ದಾಗ ನನಗೆ ಮಳೆ ಹಿಡಿಯಿತು. ಟಾರ್ಪಾಲು ಹೊದಿಸುವಷ್ಟರಲ್ಲಿ ಅರ್ಧ ನೆನೆದೇ ಹೋಗಿತ್ತು. ಮತ್ತೆ ಒಣಗಿಸಿದೆ, ಆದರೆ ಕೊಂಬಿನ ಕಳೆ ಹೋಗಿತ್ತು. ಉಜ್ಜಿಸಲೆಂದು ಪಾಲಿಶ್ ಡ್ರಮ್ಮಿನವನ ಹತ್ತಿರ ಒಯ್ದೆ. ಅವನು ಒಂದು ಹಿಡಿ ಕೈಯಲ್ಲಿ ಹಿಡಿದು ನೋಡಿ, "ಅಣ್ಣಾ, ಮಂಜಳ್ ಮಂಗಿಪ್ ಪೋಚ್ಚು. ಕೊಂಜಂ ಕಲರ್ ಪೋಟ್ಟುರಲಾಮಾ?" ಎಂದ. ಅರಿಶಿನ ಮಂಕಾಗಿದೆ, ಸ್ವಲ್ಪ ಬಣ್ಣ ಹಾಕಿಬಿಡೋಣವೇ ಅಂತ. ಮೂಲೆಯಲ್ಲಿ ಹೆಸರು-ಗಿಸರು ಏನೂ ಇಲ್ಲದ ಒಂದು ಪೊಟ್ಟಣ. ಒಳಗೆ ಸೇವಂತಿಗೆಗಿಂತ ಹಳದಿಯಾದ ಪುಡಿ. "ಎಲ್ಲಾರುಂ ಪೋಡ್ರದುದಾನೇ" ಎಂದು ಅವನೇ ಸಮಾಧಾನವನ್ನೂ ಹೇಳಿದ.

ನಿಜ ಹೇಳಬೇಕೆಂದರೆ ನಾನು ಆಗಲೇ "ಬೇಡ" ಅನ್ನಲಿಲ್ಲ. ಕ್ವಿಂಟಾಲಿಗೆ ಎಷ್ಟು ಹೆಚ್ಚು ಸಿಗಬಹುದು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. "ನಾಳೆ ಹೇಳ್ತೀನಿ" ಎಂದು ಅವನು ಬಣ್ಣ ಹಾಕಿ ಮಾದರಿಗೆ ಇಟ್ಟಿದ್ದ ನಾಲ್ಕೈದು ಕೊಂಬನ್ನು ಜೇಬಿಗೆ ಹಾಕಿಕೊಂಡು ಬಂದೆ. ಮನೆಯಲ್ಲಿ ಹೆಂಡತಿಗೆ ತೋರಿಸಿದೆ. ಅವಳು ಕೊಂಬನ್ನು ತಿರುಗಿಸಿ ತಿರುಗಿಸಿ ನೋಡಿ, "ನಮ್ಮನೆಗೆ ಎತ್ತಿಟ್ಕೊಂಡಿರೋದು ಬಣ್ಣ ಹಾಕ್ದೇ ಇರೋದು. ಹಂಗಾದ್ರೆ ಬಣ್ಣದ್ದ ತಿನ್ನೋರು ಯಾರು? ಅವ್ರ ಮನೇಲಿ ಮಕ್ಕಳಿಲ್ವಾ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ಅರಿಶಿನವನ್ನು ಹೇಗಿತ್ತೋ ಹಾಗೇ ಮಾರಿದೆ. ಬೆಲೆ ಕಡಿಮೆಯೇ ಬಂತು. ಆದರೆ ಪೊಟ್ಟಣದಲ್ಲಿ ಇದ್ದದ್ದು ಏನು ಎಂಬ ಪ್ರಶ್ನೆ ಮಾತ್ರ ಹೋಗಲಿಲ್ಲ.

ಚಿನ್ನದ ಅಂಗಡಿಯಲ್ಲಿ ಕಂಡದ್ದು

ಉತ್ತರದ ದಾರಿ ತೋರಿಸಿದ್ದು ಒಂದು ಚಿನ್ನದ ಅಂಗಡಿ. ಹಳೆಯ ಸರ ಕೊಟ್ಟು ಹೊಸದು ಮಾಡಿಸಲು ಚಾಮರಾಜನಗರಕ್ಕೆ ಹೋಗಿದ್ದೆವು. ಹಿಂದೆಲ್ಲ ಒರೆಗಲ್ಲಿಗೆ ಉಜ್ಜಿ ಆಸಿಡ್ ಬಿಡುತ್ತಿದ್ದರು. ಈಗ ಅಂಗಡಿಯ ಹುಡುಗ ಸರವನ್ನು ಒಂದು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದ. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಚಿನ್ನ ಎಷ್ಟು, ತಾಮ್ರ ಎಷ್ಟು, ಬೆಳ್ಳಿ ಎಷ್ಟು ಎಂದು ಶೇಕಡಾವಾರು ಲೆಕ್ಕ ಬಂತು. ಸರ ಕರಗಲಿಲ್ಲ, ಸವೆಯಲಿಲ್ಲ, ಒಂದು ಗೀರೂ ಬೀಳಲಿಲ್ಲ. ಓದುಗರಲ್ಲಿ ಹಲವರು ಈ ಪೆಟ್ಟಿಗೆಯನ್ನು ನೋಡಿರುತ್ತೀರಿ. ಕ್ಯಾರೆಟ್ ಮೀಟರ್ ಎನ್ನುತ್ತಾರೆ.

"ಇದ್ರಲ್ಲಿ ಅರಿಶಿನ ಇಟ್ರೆ ಹೇಳುತ್ತೇನಪ್ಪಾ?" ಎಂದೆ. ಹುಡುಗ ನಕ್ಕು, "ಇದು ಚಿನ್ನ ನೋಡೋ ಮಿಶಿನ್ನು ಯಜಮಾನ್ರೇ" ಎಂದ.

ನನ್ನ ತಂಗಿಯ ಮಗ ಕೆಮಿಸ್ಟ್ರಿ ಓದಿಕೊಂಡು ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಬಂದಾಗ ಅವನಿಗೆ ಇದನ್ನು ಹೇಳಿದೆ. ಅವನು ನಗಲಿಲ್ಲ.

"ಮಾವ, ನೀವು ಕೇಳಿದ್ದು ಸರಿಯಾಗೇ ಇದೆ. ಆ ಪೆಟ್ಟಿಗೆಯನ್ನ ಲೋಹಕ್ಕೆ ಅಂತ ಹೊಂದಿಸಿರ್ತಾರೆ. ನೂರಕ್ಕೆ ಎಷ್ಟು ಅನ್ನೋ ಲೆಕ್ಕ ಅದ್ಕೆ ಸಾಕು. ಅದೇ ಜಾತಿಯ ಇನ್ನೊಂದು ಮಿಶಿನ್ ಇದೆ, ಅದು ಹತ್ತು ಲಕ್ಷಕ್ಕೆ ಎಷ್ಟು ಅಂತ ಹೇಳುತ್ತೆ. ಒಂದು ಚಿಟಿಕೆ ಕೊಡಿ, ನೋಡೋಣ."

ಆ ಜಾತಿಯ ಹೆಸರು ಎಕ್ಸ್-ರೇ ಫ್ಲೋರೆಸೆನ್ಸ್. ಚಿಕ್ಕದಾಗಿ ಎಕ್ಸ್‌ಆರ್‌ಎಫ್. ನಮ್ಮ ಪುಸ್ತಕಗಳಲ್ಲಿ ಕ್ಷ-ಕಿರಣ ಪ್ರತಿದೀಪ್ತಿ ಎಂದು ಬರೆಯುತ್ತಾರೆ. ಹೆಸರು ದೊಡ್ಡದು, ಒಳಗಿನ ತತ್ವ ಅಷ್ಟು ಕಷ್ಟದ್ದಲ್ಲ.

ಕೊರಳ ಗಂಟೆಯ ಲೆಕ್ಕ

ಮುಸ್ಸಂಜೆ ದನಗಳು ಮೇದು ಹಿಂದಿರುಗುವಾಗ ಕತ್ತಲಲ್ಲಿ ಮೈ ಕಾಣುವುದಿಲ್ಲ. ಆದರೂ ಜಗಲಿಯ ಮೇಲೆ ಕುಳಿತವರು "ನಮ್ಮ ಗೌರಿ ಬಂತು" ಎನ್ನುತ್ತಾರೆ. ಕೊರಳ ಗಂಟೆಯ ಸದ್ದು ಒಂದೊಂದು ಹಸುವಿಗೂ ಬೇರೆ. ಲೋಕದಲ್ಲಿರುವ ಒಂದೊಂದು ಧಾತುವಿನ ಕೊರಳಲ್ಲೂ ಹಾಗೆ ಒಂದು ಗಂಟೆ ಇದೆ. ಅದನ್ನು ಅಲ್ಲಾಡಿಸಿದರೆ ಸದ್ದು ಬರುತ್ತದೆ. ಅಲ್ಲಾಡಿಸುವ ಕೆಲಸ ಕ್ಷ-ಕಿರಣದ್ದು.

ಪರಮಾಣುವಿನ ನಡುವೆ ಬೀಜ, ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಎಲೆಕ್ಟ್ರಾನುಗಳು ಇರುತ್ತವೆ. ಕ್ಷ-ಕಿರಣ ಬಂದು ಬಡಿದಾಗ ಒಳಮೆಟ್ಟಿಲಿನ ಒಂದು ಎಲೆಕ್ಟ್ರಾನು ಎಗರಿ ಹೋಗುತ್ತದೆ. ಖಾಲಿಯಾದ ಆ ಜಾಗಕ್ಕೆ ಮೇಲಿನ ಮೆಟ್ಟಿಲಿನದೊಂದು ಇಳಿಯುತ್ತದೆ. ಇಳಿದಾಗ ಮಿಕ್ಕ ಶಕ್ತಿ ಇನ್ನೊಂದು ಕ್ಷ-ಕಿರಣವಾಗಿ ಹೊರಗೆ ಬರುತ್ತದೆ. ಮೆಟ್ಟಿಲುಗಳ ಎತ್ತರ ಒಂದೊಂದು ಧಾತುವಿಗೆ ಒಂದೊಂದು ಥರ. ಹೀಗಾಗಿ ಹೊರಬರುವ ಕಿರಣದ ಶಕ್ತಿಯನ್ನು ಅಳೆದರೆ ಅದು ಯಾವ ಧಾತು ಎಂದು ಹೇಳಬಹುದು. ಅಂಥ ಕಿರಣ ಎಷ್ಟು ಬಂತು ಎಂದು ಎಣಿಸಿ, ಮೊದಲೇ ಲೆಕ್ಕ ಗೊತ್ತಿರುವ ಮಾದರಿಯ ಜೊತೆ ತೂಗಿ ನೋಡಿದರೆ ಆ ಧಾತು ಎಷ್ಟಿದೆ ಎಂದೂ ಹೇಳಬಹುದು.

ಈ ಸದ್ದುಗಳನ್ನು ಸಾಲಾಗಿ ಜೋಡಿಸಿದವನು ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಎಂಬ ಯುವಕ. 1913ರಲ್ಲಿ ಒಂದಾದ ಮೇಲೊಂದು ಧಾತುವಿನ ಕ್ಷ-ಕಿರಣವನ್ನು ಅಳೆದು, ಅವೆಲ್ಲ ಒಂದು ಲೆಕ್ಕಕ್ಕೆ ಬಿದ್ದಂತೆ ಏರುತ್ತಾ ಹೋಗುತ್ತವೆ ಎಂದು ತೋರಿಸಿದ. ಎರಡೇ ವರ್ಷಕ್ಕೆ, 1915ರಲ್ಲಿ, ಮೊದಲ ಮಹಾಯುದ್ಧದ ಗ್ಯಾಲಿಪೊಲಿ ರಣರಂಗದಲ್ಲಿ ಗುಂಡಿಗೆ ಬಲಿಯಾದ. ಆಗ ಅವನಿಗೆ 27 ವರ್ಷ. ಇಂದು ಚಿನ್ನದ ಅಂಗಡಿಯ ಪೆಟ್ಟಿಗೆ ಲೆಕ್ಕ ಹೇಳುವುದು ಅವನು ಹಾಕಿಕೊಟ್ಟ ದಾರಿಯಲ್ಲೇ.

ನಮ್ಮ ಕಥೆಗೆ ಬೇಕಾದ ಗಂಟೆಗಳು ಎರಡು. ಒಂದು ಸೀಸ, ಇನ್ನೊಂದು ಕ್ರೋಮಿಯಂ. ಕ್ಷ-ಕಿರಣದ ಶಕ್ತಿಯನ್ನು ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕ್ರೋಮಿಯಂನ ಸದ್ದು 5.41ರಲ್ಲಿ, ಕಬ್ಬಿಣದ್ದು 6.40ರಲ್ಲಿ, ಸೀಸದ್ದು 10.55ರಲ್ಲಿ. ಇಲ್ಲೊಂದು ತೊಡಕಿದೆ. ಆರ್ಸೆನಿಕ್ ಎಂಬ ಪಾಷಾಣದ ಸದ್ದು 10.54. ಎರಡು ಮನೆಯ ಹಸುವಿಗೆ ಒಂದೇ ಸಂತೆಯಲ್ಲಿ ಕೊಂಡ ಗಂಟೆ ಕಟ್ಟಿದಂತಾಯಿತು. ಆದರೆ ಸೀಸಕ್ಕೆ 12.61ರಲ್ಲಿ ಇನ್ನೊಂದು ಸದ್ದಿದೆ. ಬಲ್ಲವರು ಎರಡನ್ನೂ ನೋಡಿಯೇ "ಇದು ಸೀಸ" ಎನ್ನುತ್ತಾರೆ. ಬರೀ ಯಂತ್ರ ಇದ್ದರೆ ಸಾಲದು, ಕೇಳಿಸಿಕೊಳ್ಳುವ ಕಿವಿಯೂ ಬೇಕು.

ನಮ್ಮ ಎರಡು ಪೊಟ್ಟಣ

ಅಳಿಯ ಎರಡು ಪೊಟ್ಟಣ ಕಟ್ಟಿಕೊಂಡು ಹೋದ. ಒಂದರಲ್ಲಿ ನಮ್ಮ ಮನೆಯದು, ಇನ್ನೊಂದರಲ್ಲಿ ಆ ದಿನ ಜೇಬಿನಲ್ಲಿ ಬಂದ ಬಣ್ಣದ ಕೊಂಬು. ಮುಂದಿನ ಸಲ ಬಂದಾಗ ಎರಡು ನಕ್ಷೆ ತಂದು ಮೇಜಿನ ಮೇಲೆ ಇಟ್ಟ. ಗುಡ್ಡಸಾಲಿನ ಹಾಗೆ ಏರಿಳಿಯುವ ಗೆರೆಗಳು. ಮನೆಯ ಅರಿಶಿನದಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣದ ಗುಡ್ಡಗಳಿದ್ದವು. ಅವು ಮಣ್ಣಿನಿಂದ ಗಿಡ ತೆಗೆದುಕೊಂಡವು, ಇರಬೇಕಾದವೇ. ಸೀಸದ ಜಾಗದಲ್ಲಿ ನೆಲ ಸಮತಟ್ಟಾಗಿತ್ತು.

ಬಣ್ಣದ ಕೊಂಬಿನ ನಕ್ಷೆಯಲ್ಲಿ ಅದೇ ಗುಡ್ಡಗಳ ಜೊತೆ ಇನ್ನೂ ಮೂರು ಎದ್ದು ನಿಂತಿದ್ದವು. 5.41ರಲ್ಲಿ ಒಂದು, 10.55ರಲ್ಲಿ ಒಂದು, 12.61ರಲ್ಲಿ ಒಂದು. "ಕ್ರೋಮಿಯಮ್ಮೂ ಸೀಸವೂ ಒಟ್ಟಿಗೇ ಬಂದಿದೆ ಮಾವ. ಎರಡೂ ಸರಿಸುಮಾರು ಒಂದಕ್ಕೊಂದು ಪರಮಾಣುವಿನ ಲೆಕ್ಕದಲ್ಲಿವೆ. ಇದು ಲೆಡ್ ಕ್ರೋಮೇಟು. ಗೋಡೆಗೆ, ಕಬ್ಬಿಣಕ್ಕೆ ಬಳಿಯೋ ಪೇಂಟಿನ ಹಳದಿ" ಎಂದ.

ಅವನು ಇನ್ನೊಂದು ಕೆಲಸ ಮಾಡಿದ್ದ. ಅದೇ ಕೊಂಬಿನ ಸಿಪ್ಪೆ ಹೆರೆದು ಒಳಗಿನ ತಿರುಳನ್ನು ಬೇರೆಯಾಗಿ ನೋಡಿದ್ದ. ತಿರುಳಿನಲ್ಲಿ ಸೀಸ ಕಾಣಲಿಲ್ಲ. ವಿಷವೆಲ್ಲ ಮೈಮೇಲೆ ಮಾತ್ರ. ಎಂದರೆ ಅದು ಹೊಲದಲ್ಲಿ ಬಂದದ್ದಲ್ಲ, ಡ್ರಮ್ಮಿನಲ್ಲಿ ಬಂದದ್ದು. ಈ ಮಾತು ನನಗೆ ಎಷ್ಟು ಹಗುರ ಮಾಡಿತೋ ಅಷ್ಟೇ ಭಾರವನ್ನೂ ಮಾಡಿತು. ರೈತನ ಬೆಳೆ ಶುದ್ಧವಾಗಿಯೇ ಇತ್ತು. ಆದರೆ ಪುಡಿಯಾಗಿ ಪ್ಯಾಕೆಟ್ಟಿನಲ್ಲಿ ಸೇರಿದ ಮೇಲೆ ಸಿಪ್ಪೆ ಯಾವುದು, ತಿರುಳು ಯಾವುದು? ಆಗ "ಅರಿಶಿನದಲ್ಲಿ ಸೀಸ ಸಿಕ್ಕಿತು" ಎಂದು ಮಾತ್ರ ಸುದ್ದಿಯಾಗುತ್ತದೆ. ಹೆಸರು ಕೆಡುವುದು ಬೆಳೆದವನದು.

ಬಾಂಗ್ಲಾದೇಶ ಮಾಡಿ ತೋರಿಸಿದ್ದು

ಇದು ನನ್ನ ಜೇಬಿನ ನಾಲ್ಕು ಕೊಂಬಿನ ಕಥೆ ಮಾತ್ರ ಅಲ್ಲ. ನೆರೆಯ ಬಾಂಗ್ಲಾದೇಶದಲ್ಲಿ ಒಂದು ದೇಶದ ಕಥೆಯೇ ಹೀಗಾಗಿತ್ತು. ಅಲ್ಲಿನ ಹಳ್ಳಿಗಳ 430 ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿದಾಗ ಸುಮಾರು ಮೂರರಲ್ಲಿ ಒಂದು ಪಾಲು ಮಂದಿಯಲ್ಲಿ ಸೀಸ ಇರಬಾರದಷ್ಟಿತ್ತು. ಹಳ್ಳಿಯಲ್ಲಿ ಕಾರ್ಖಾನೆ ಇಲ್ಲ, ಮೋಟಾರು ಹೊಗೆ ಇಲ್ಲ. ಎಲ್ಲಿಂದ ಬಂತು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆನ್ನಾ ಫೋರ್ಸಿತ್ ಮತ್ತು ಢಾಕಾದ ಸಂಶೋಧಕರು ಸೇರಿ ಮಣ್ಣು, ಪಾತ್ರೆ, ಅಕ್ಕಿ, ಮಸಾಲೆ ಎಲ್ಲವನ್ನೂ ಜಾಲಾಡಿದರು. ರಕ್ತದಲ್ಲಿದ್ದ ಸೀಸದ ಗುರುತೂ ಅರಿಶಿನದಲ್ಲಿದ್ದ ಸೀಸದ ಗುರುತೂ ಒಂದಕ್ಕೊಂದು ಹೊಂದಿದವು. ಆ ಹೋಲಿಕೆಯನ್ನು ಇನ್ನೂ ಸೂಕ್ಷ್ಮವಾದ ಬೇರೆ ಯಂತ್ರದಲ್ಲಿ ಮಾಡಿದರು.

2019ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಈ ಚಾಳಿ ಶುರುವಾದದ್ದು 1980ರ ದಶಕದಲ್ಲಿ. ಆಗ ದೊಡ್ಡ ಪ್ರವಾಹ ಬಂದು ಅರಿಶಿನವೆಲ್ಲ ನೆನೆದು ಮಂಕಾಯಿತು. ಮಂಕಾದದ್ದನ್ನು ಕೊಳ್ಳುವವರಿಲ್ಲ. ಉಜ್ಜುವಾಗ ಹಳದಿ ಪುಡಿ ಹಾಕಿದರು. ನೀರು ಇಳಿದ ಮೇಲೂ ಪುಡಿ ನಿಲ್ಲಲಿಲ್ಲ. ಅರಿಶಿನ ಬೆಳೆಯುವ 9 ಜಿಲ್ಲೆಗಳಲ್ಲಿ 7ರಲ್ಲಿ ಅದು ಸಿಕ್ಕಿತು. ಇದನ್ನು ಓದಿದಾಗ ನನ್ನ ಕಣದಲ್ಲಿ ಹಿಡಿದ ಮಳೆ ನೆನಪಾಯಿತು. ನೆನೆದ ಅರಿಶಿನ, ಮಂಕು ಬಣ್ಣ, ಕಡಿಮೆ ಬೆಲೆ, ಪಕ್ಕದಲ್ಲಿ ಒಂದು ಪೊಟ್ಟಣ. ಅಲ್ಲಿಯ ರೈತನಿಗೂ ಇಲ್ಲಿಯ ರೈತನಿಗೂ ಏನು ವ್ಯತ್ಯಾಸ?

ಮುಂದೆ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಿದ ಕೆಲಸ ಗಮನಿಸುವಂಥದ್ದು. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರವನ್ನು ಢಾಕಾದ ಶ್ಯಾಂಬಜಾರ್ ಎಂಬ ಸಗಟು ಪೇಟೆಗೇ ಒಯ್ದರು. ಅಂಗಡಿಯ ಮುಂದೆಯೇ ಚೀಲಕ್ಕೆ ಯಂತ್ರ ಹಿಡಿದು, ಅಲ್ಲೇ ಫಲಿತಾಂಶ ತೋರಿಸಿ, ಸುಮಾರು 900 ಕಿಲೋ ಅರಿಶಿನ ಮುಟ್ಟುಗೋಲು ಹಾಕಿದರು. ವ್ಯಾಪಾರಿಗಳಿಗೆ ದಂಡ ಬಿತ್ತು. ಟೀವಿಯಲ್ಲಿ ದೇಶವೆಲ್ಲ ನೋಡಿತು. ಪೇಟೆ ಪೇಟೆಯಲ್ಲಿ ಎಚ್ಚರಿಕೆಯ ಚೀಟಿ ಅಂಟಿಸಿದರು. ಪ್ರಯೋಗಾಲಯಕ್ಕೆ ಕಳಿಸಿ ಮೂರು ತಿಂಗಳು ಕಾದಿದ್ದರೆ ಆ ಅರಿಶಿನ ಅಷ್ಟರಲ್ಲಿ ಸಾರಾಗಿ ಹೋಗಿರುತ್ತಿತ್ತು.

ಫಲ ಏನಾಯಿತು? 2019ರಲ್ಲಿ ಪೇಟೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಇತ್ತು. 2020ರ ಆರಂಭಕ್ಕೆ ಅದು ಶೇಕಡಾ 5ಕ್ಕೆ ಇಳಿಯಿತು. 2021ರಲ್ಲಿ ಸೊನ್ನೆ. ಉಜ್ಜುವ ಗಿರಣಿಗಳ ಕೆಲಸಗಾರರ ರಕ್ತದಲ್ಲೂ ಸೀಸ ಗಣನೀಯವಾಗಿ ತಗ್ಗಿತು. ಮೂವತ್ತು ವರ್ಷ ಬೇರು ಬಿಟ್ಟಿದ್ದ ಚಾಳಿ ಎರಡು ವರ್ಷದಲ್ಲಿ ಹೋಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕ್ವಿಂಟಾಲಿಗೆ ಒಂದೂವರೆ ಗ್ರಾಂ

ನಮ್ಮ ಕಡೆ ಹೇಗಿದೆ? ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳದ 23 ನಗರಗಳಿಂದ ತಂದ 356 ಅರಿಶಿನ ಮಾದರಿಗಳ ವರದಿ 2024ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 14 ಮಾದರಿಗಳಲ್ಲಿ ಸೀಸ 2 ಪಿಪಿಎಂಗಿಂತ ಹೆಚ್ಚು. ಪಿಪಿಎಂ ಎಂದರೆ ಹತ್ತು ಲಕ್ಷ ಪಾಲಿಗೆ ಒಂದು ಪಾಲು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಬಿಹಾರದ ಪಾಟ್ನಾದಲ್ಲಿ, 2,274 ಪಿಪಿಎಂ. ನಮ್ಮ ದೇಶದ ಆಹಾರ ಕಾಯಿದೆಯಲ್ಲಿ ಅರಿಶಿನಕ್ಕೆ ಸೀಸದ ಮಿತಿ 10 ಪಿಪಿಎಂ. ಲೆಡ್ ಕ್ರೋಮೇಟ್ ಅಂತೂ ಎಳ್ಳಷ್ಟೂ ಇರಕೂಡದು.

ಪಿಪಿಎಂ ಲೆಕ್ಕ ನಮಗೆ ಒಗ್ಗುವುದಿಲ್ಲ, ಕ್ವಿಂಟಾಲಿನಲ್ಲಿ ನೋಡೋಣ. 10 ಪಿಪಿಎಂ ಎಂದರೆ ನೂರು ಕಿಲೋ ಅರಿಶಿನದಲ್ಲಿ ಒಂದೇ ಒಂದು ಗ್ರಾಂ ಸೀಸ. ಲೆಡ್ ಕ್ರೋಮೇಟಿನ ತೂಕದಲ್ಲಿ ನೂರಕ್ಕೆ 64 ಪಾಲು ಸೀಸವೇ. ಹಾಗಾಗಿ ಸುಮಾರು ಒಂದೂವರೆ ಗ್ರಾಂ ಪುಡಿ ಬಿದ್ದರೆ ಒಂದು ಕ್ವಿಂಟಾಲು ಮಿತಿಯ ಗೆರೆ ಮುಟ್ಟುತ್ತದೆ. ಪಾಟ್ನಾದ ಆ ಮಾದರಿಯ ಲೆಕ್ಕ ಹಿಡಿದರೆ ಕ್ವಿಂಟಾಲಿಗೆ 350 ಗ್ರಾಂ ಪೇಂಟು ಹಾಕಿದಂತಾಯಿತು.

ಸೀಸದಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ತಿಂದ ದಿನ ಏನೂ ಆಗುವುದಿಲ್ಲ. ಅದೇ ಅದರ ಮೋಸ. ಮೈಯಲ್ಲಿ ಸೇರಿದ ಸೀಸ ಮೂಳೆ, ಹಲ್ಲುಗಳಲ್ಲಿ ಕೂರುತ್ತದೆ. ಬಸುರಿಯ ಮೂಳೆಯಿಂದ ಹೊರಟು ಹೊಟ್ಟೆಯ ಕೂಸಿಗೂ ಹೋಗುತ್ತದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ಮೈ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರುತ್ತದೆ. ಪೆಟ್ಟು ಬೀಳುವುದು ಮಿದುಳಿಗೆ, ಕಲಿಯುವ ಶಕ್ತಿಗೆ. ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಮಟ್ಟವೇ ಸೀಸಕ್ಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಣಂತಿಗೂ ಮಗುವಿಗೂ ನಾವು ನಂಬಿಕೊಂಡು ಕೊಡುವ ಪದಾರ್ಥ ಅರಿಶಿನ. ಅದರಲ್ಲೇ ಇದು ಬಂದರೆ?

ಕೂದಲೆಳೆಯ ಪಾಠ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ ಹಿರಿಯರು. ಎಕ್ಸ್‌ಆರ್‌ಎಫ್ ಯಂತ್ರದ ವಿಷಯದಲ್ಲಿ ಅಗುಳೂ ಬೇಡ. 1971ರಲ್ಲಿ ಜಪಾನಿನ ಯೊನೆಡಾ ಮತ್ತು ಹೊರಿಯುಚಿ ಎಂಬ ಇಬ್ಬರು ಒಂದು ಉಪಾಯ ಕಂಡುಕೊಂಡರು. ಕೆರೆಯ ನೀರಿಗೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಅದು ಮುಳುಗದೆ ಚಿಮ್ಮಿಕೊಂಡು ಹೋಗುತ್ತದಲ್ಲ, ಹಾಗೆ ಕ್ಷ-ಕಿರಣವನ್ನು ನುಣುಪಾದ ಗಾಜಿನ ಮೇಲೆ ನೆಲಕ್ಕೆ ತಾಗಿದಂತೆ ಬಿಟ್ಟರೆ ಅದು ಗಾಜಿನೊಳಕ್ಕೆ ಇಳಿಯುವುದಿಲ್ಲ, ಚಿಮ್ಮಿ ಹೋಗುತ್ತದೆ. ಗಾಜಿನ ಗದ್ದಲ ಇಲ್ಲದ್ದರಿಂದ ಅದರ ಮೇಲೆ ಒಣಗಿಸಿದ ಒಂದು ಸಣ್ಣ ಹನಿಯ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಈ ವಿಧಾನದಲ್ಲಿ ಪಿಕೋಗ್ರಾಂವರೆಗೂ ಹಿಡಿಯಬಹುದು. ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಈ ಕೆಲಸ ನಡೆಯುತ್ತದೆ. ಇಂದೂರಿನ ಇಂಡಸ್-2 ಎಂಬ ಯಂತ್ರಾಗಾರದಲ್ಲಿ ಕ್ಷ-ಕಿರಣವನ್ನು ಕೂದಲಿಗಿಂತ ತೆಳ್ಳಗೆ ಮಾಡಿ ಒಂದು ಕಣದ ಮೇಲೇ ಬಿಡುತ್ತಾರೆ.

ಆದರೆ ಎಷ್ಟು ಚಿಕ್ಕ ಮಾದರಿಯಾದರೆ ಅಷ್ಟು ದೊಡ್ಡ ಎಚ್ಚರಿಕೆ ಬೇಕು. ಇದಕ್ಕೆ ಒಂದು ಕಥೆ ಇದೆ. ಯುರೋಪಿನ ಮಹಾ ಸಂಗೀತಗಾರ ಬೀಥೊವನ್ 1827ರಲ್ಲಿ ತೀರಿಕೊಂಡ. ಅವನದೆಂದು ಹೆಸರಾದ ಒಂದು ಕುಚ್ಚು ಕೂದಲನ್ನು ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಇದೇ ಕ್ಷ-ಕಿರಣ ವಿಧಾನದಿಂದ ಪರೀಕ್ಷಿಸಿ, ಸೀಸ ವಿಪರೀತ ಇದೆ ಎಂದು 2000ದಲ್ಲಿ ಹೇಳಿದರು. ಲೋಕವೆಲ್ಲ ನಂಬಿತು. 2023ರಲ್ಲಿ ಅದೇ ಕೂದಲಿನ ಡಿಎನ್‌ಎ ನೋಡಿದರೆ, ಅದು ಬೀಥೊವನ್‌ನದೇ ಅಲ್ಲ, ಯಾವುದೋ ಹೆಂಗಸಿನದು! ಮುಂದೆ 2024ರಲ್ಲಿ ನಿಜವಾಗಿ ಅವನವೇ ಎಂದು ಖಾತ್ರಿಯಾದ ಕೂದಲಿನಲ್ಲೂ ಸೀಸ ಹೆಚ್ಚಿರುವುದು ಬೇರೆ ವಿಧಾನದಿಂದ ಗೊತ್ತಾಯಿತು, ಅದು ಬೇರೆ ಮಾತು. ಮೊದಲ ಸಲ ಯಂತ್ರ ಸುಳ್ಳು ಹೇಳಿರಲಿಲ್ಲ. ಕೂದಲಿನಲ್ಲಿ ಸೀಸ ಇದ್ದದ್ದು ನಿಜ. ಕೂದಲು ಯಾರದು ಎಂಬುದನ್ನು ಮಾತ್ರ ಯಾರೂ ಖಾತ್ರಿ ಮಾಡಿಕೊಂಡಿರಲಿಲ್ಲ.

ಅರಿಶಿನಕ್ಕೂ ಇದೇ ಮಾತು. ಯಂತ್ರ ಹೇಳುವುದು ಆ ಚಿಟಿಕೆಯ ವಿಷಯ. ಆ ಚಿಟಿಕೆ ಯಾರ ಚೀಲದ್ದು, ಉಜ್ಜುವ ಮುಂಚಿನದೋ ಆಮೇಲಿನದೋ ಎಂದು ಅದು ಹೇಳುವುದಿಲ್ಲ. ಮಡಕೆಯ ಅನ್ನ ಕುದಿದು ಕುದಿದು ಒಂದೇ ಹದಕ್ಕೆ ಬಂದಿರುತ್ತದೆ, ಅಲ್ಲಿ ಒಂದು ಅಗುಳು ಸಾಕು. ಅರಿಶಿನದ ಚೀಲ ಹಾಗಲ್ಲ. ಮೇಲಿನ ಕೊಂಬಿಗೆ ಹತ್ತಿದ ಬಣ್ಣ ತಳದ್ದಕ್ಕೆ ಹತ್ತಿರಲಾರದು.

ನಾವು ಮಾಡಬಹುದಾದದ್ದು

ಅಳಿಯ ಹೇಳಿಕೊಟ್ಟ ಕ್ರಮ ಹೀಗಿದೆ. ಒಂದೇ ಚೀಲದಿಂದ ಹಿಡಿ ತೆಗೆಯಬಾರದು. ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ಒಂದೊಂದು ಹಿಡಿ ತೆಗೆದು ಶುಭ್ರವಾದ ಬಟ್ಟೆಯ ಮೇಲೆ ಸುರಿಯಬೇಕು. ಸಣ್ಣಗೆ ಕುಟ್ಟಿ, ಚೆನ್ನಾಗಿ ಕಲಸಿ, ರಾಶಿ ಮಾಡಿ ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಮಿಕ್ಕದ್ದನ್ನು ತೆಗೆದುಬಿಡಬೇಕು. ಹೀಗೇ ಮತ್ತೆ ಮತ್ತೆ ಮಾಡಿ ಕೊನೆಗೆ ಉಳಿದದ್ದನ್ನು ಮೂರು ಪೊಟ್ಟಣ ಕಟ್ಟಿ, ತಾರೀಕು ಬರೆದು, ಕೊಡುವವರೂ ಕೊಳ್ಳುವವರೂ ರುಜು ಹಾಕಿ ಮೊಹರು ಮಾಡಬೇಕು. ಒಂದು ರೈತನಿಗೆ, ಒಂದು ವ್ಯಾಪಾರಿಗೆ, ಒಂದು ಪರೀಕ್ಷೆಗೆ. ಉಜ್ಜಿಸುವ ಮುಂಚೆ ಒಮ್ಮೆ, ಉಜ್ಜಿಸಿದ ಮೇಲೆ ಒಮ್ಮೆ ಹೀಗೆ ಎತ್ತಿಟ್ಟರೆ ತಪ್ಪು ಎಲ್ಲಿ ಆಯಿತು ಎಂದು ಆಮೇಲೆ ಜಗಳ ಇರುವುದಿಲ್ಲ.

ಎರಡು ಮಾತು ನೆನಪಿರಲಿ. ಎಕ್ಸ್‌ಆರ್‌ಎಫ್ ಮೊದಲ ಜರಡಿ. ಸೀಸ ಇದೆ ಎಂದು ಅದು ತೋರಿಸಿದ ಮೇಲೆ ಕೋರ್ಟು-ಕಾಯಿದೆಗೆ ನಿಲ್ಲುವ ಲೆಕ್ಕವನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಮಸಾಲೆ ಮಂಡಳಿಯ ಪ್ರಯೋಗಾಲಯಗಳು ಕೊಚ್ಚಿ, ಚೆನ್ನೈ, ಗುಂಟೂರುಗಳಲ್ಲಿವೆ. ಎರಡನೆಯದು, ಈ ಯಂತ್ರ ಎಲ್ಲ ಕಲಬೆರಕೆಯನ್ನೂ ಹಿಡಿಯುವುದಿಲ್ಲ. ಇಂಗಾಲ, ಜಲಜನಕದಂಥ ಹಗುರ ಧಾತುಗಳ ಸದ್ದು ಅದಕ್ಕೆ ಕೇಳಿಸದು. ಹಾಗಾಗಿ ಮೆಟಾನಿಲ್ ಯೆಲ್ಲೋ ಎಂಬ ಇನ್ನೊಂದು ಕಳ್ಳ ಬಣ್ಣ ಇದರ ಕಣ್ಣು ತಪ್ಪಿಸುತ್ತದೆ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಮನೆಯಲ್ಲಿ ಮಾಡುವುದಾದರೆ ಗಾಜಿನ ಲೋಟದ ನೀರಿಗೆ ಇಡೀ ಕೊಂಬು ಹಾಕಿ ನೋಡಿ. ಬಣ್ಣ ಬಳಿದದ್ದಾದರೆ ನೀರಿಗೆ ತಕ್ಷಣ ಗಾಢ ಹಳದಿ ಬಿಡುತ್ತದೆ. ಆದರೆ ಕ್ವಿಂಟಾಲಿಗೆ ಒಂದೂವರೆ ಗ್ರಾಂ ಬಿದ್ದದ್ದನ್ನು ಲೋಟ ಹಿಡಿಯಲಾರದು. ಕಣ್ಣಿಗೆ ಕಾಣದ್ದಕ್ಕೇ ಯಂತ್ರ ಬೇಕಾಗುವುದು.

ಒಬ್ಬೊಬ್ಬ ರೈತ ಇಂಥ ಯಂತ್ರ ಕೊಳ್ಳುವುದು ಆಗದ ಮಾತು. ಆದರೆ ಮಂಡಿಗೆ ಒಂದು ಇಟ್ಟರೆ? ತೂಕದ ಕಾಟಾ ಇದೆ, ತೇವಾಂಶ ನೋಡುವ ಮೀಟರ್ ಇದೆ. ಹೆಣ್ಣುಮಗಳ ಸರಕ್ಕೆ ಅಂಗಡಿ ಅಂಗಡಿಯಲ್ಲಿ ಪೆಟ್ಟಿಗೆ ಇದೆ. ದೇಶವೆಲ್ಲ ಉಣ್ಣುವ ಅರಿಶಿನಕ್ಕೆ ಪೇಟೆಗೊಂದು ಬೇಡವೇ? ಹಾಗೇನಾದರೂ ಆದರೆ ಲಾಭ ಪ್ರಾಮಾಣಿಕ ರೈತನಿಗೇ. ಮಳೆಯಲ್ಲಿ ನೆನೆದು ಮಂಕಾದ ಅರಿಶಿನಕ್ಕೂ "ಬಣ್ಣ ಕಡಿಮೆ, ಸೀಸ ಇಲ್ಲ" ಎಂಬ ಚೀಟಿ ಜೊತೆಗೆ ಹೋಗುತ್ತದೆ. ಪ್ರಾಮಾಣಿಕ ವ್ಯಾಪಾರಿಗೂ ಅದರಿಂದ ನೆಮ್ಮದಿ. ಪಕ್ಕದ ಅಂಗಡಿಯ ಹೊಳಪಿಗೆ ಹೆದರಿ ತಾನೂ ಬಣ್ಣ ಬಳಿಯಬೇಕಾಗಿಲ್ಲ.

ಅಲ್ಲಿಯವರೆಗೆ ನಾನು ಮಾಡಿಕೊಂಡಿರುವ ನಿಯಮ ಇಷ್ಟೇ. ಉಜ್ಜಿಸಲು ಒಯ್ದಾಗ ಡ್ರಮ್ಮಿನ ಪಕ್ಕದಲ್ಲೇ ನಿಲ್ಲುತ್ತೇನೆ, ಬೇರೆ ಪುಡಿ ಒಳಗೆ ಬೀಳದಂತೆ ನೋಡಿಕೊಳ್ಳುತ್ತೇನೆ. ಹೊರಡುವ ಮುಂಚೆ ಮೂರು ಪೊಟ್ಟಣ ಕಟ್ಟುತ್ತೇನೆ. ಮನೆಗೆ ಬೇರೆ, ಮಂಡಿಗೆ ಬೇರೆ ಎಂದು ಎತ್ತಿಡುವುದನ್ನೂ ಬಿಟ್ಟಿದ್ದೇನೆ. ಉಜ್ಜಿಸಿಕೊಂಡು ಬಂದ ಚೀಲದಿಂದಲೇ ಮನೆಗೂ ಒಂದು ಪಾಲು. ಹೆಂಡತಿಯ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಅದೊಂದೇ.